ಬೀಜದ ಭತ್ತ ಎತ್ತಿಡದೆ ಮಿಲ್ಲಿಗೆ ಹೋದವರು

ಬಹಳ ದಿನ ಆಯ್ತು ಈ ಕಡೆ ತಲೆ ಹಾಕಿ. ಬರೆಯೋಕೆ ವಿಷಯ ಇರಲಿಲ್ಲ ಅಂತಲ್ಲ, ಬರೆಯೋ ಮುಖ ಇರಲಿಲ್ಲ. ಈಗ ಸಿಟ್ಟು ಇಳಿದಿದೆ ಅಂದುಕೊಂಡು ಕೂತೆ. ನಾಲ್ಕು ಸಾಲು ಟೈಪಿಸುವಷ್ಟರಲ್ಲಿ ಗೊತ್ತಾಯ್ತು, ಇಳಿದಿಲ್ಲ. ಇರಲಿ, ಸಿಟ್ಟಲ್ಲೇ ಬರೀತೀನಿ.

"ಎಲ್ಲ ಫೈಲುಗಳೂ ಯಶಸ್ವಿಯಾಗಿ ತಯಾರಾಗಿವೆ."

ಹಸಿರು ಅಕ್ಷರದಲ್ಲಿ ಬಂದ ಈ ಸಾಲನ್ನು ಬರೆದವನು ನಾನೇ. ಸ್ಕ್ರಿಪ್ಟೂ ನಂದೇ. ಹನ್ನೊಂದು ಸೆಕೆಂಡಿನಲ್ಲಿ ಅದು ನಮ್ಮ ದೊಡ್ಡಪ್ಪನ ನಾಲ್ಕು ವರ್ಷದ ಕೆಲಸವನ್ನು ಒರೆಸಿಹಾಕಿ, ಆಮೇಲೆ ಯಶಸ್ವಿ ಅಂತ ಹೇಳಿತು. ಯಾವುದು ಯಶಸ್ವಿ? ಯಾರಿಗೆ ಯಶಸ್ವಿ?

ಮೊದಲಿಂದ ಹೇಳ್ತೀನಿ. ದೊಡ್ಡಪ್ಪ ಸಿರುಗುಪ್ಪದವರು, ಪ್ರೈಮರಿ ಶಾಲೆ ಮೇಷ್ಟ್ರಾಗಿ ರಿಟೈರ್ ಆದವರು. ಅವರಿಗೊಂದು ಹುಚ್ಚು, ಹೊಲಗಳ ಹೆಸರು ಬರೆದಿಡೋದು. ಊರ ಹೆಸರಲ್ಲ, ಹೊಲದ ಹೆಸರು. ಪಹಣಿಯಲ್ಲಿ ಸರ್ವೆ ನಂಬರ್ ಇರುತ್ತೆ, ಎಕರೆ ಸೆಂಟ್ಸ್ ಇರುತ್ತೆ. ಆದ್ರೆ ಊರಲ್ಲಿ ಯಾರೂ "ನಾಳೆ 114ಕ್ಕೆ ನೀರು ಬಿಡಬೇಕು" ಅನ್ನೋದಿಲ್ಲ. ಹುಣಸೆಮರದ ಹೊಲ, ಗುಡಿ ಹಿಂದಿನ ಮಡಿ, ಕುಂಬಾರ್ರ ತಗ್ಗು, ಹೀಗೇ ಅನ್ನೋದು. 1950ರ ದಶಕದಲ್ಲಿ ತುಂಗಭದ್ರಾ ಕಾಲುವೆ ನೀರು ಬಂದ ಮೇಲೆ ಜೋಳದ ಹೊಲಗಳು ಭತ್ತದ ಗದ್ದೆಯಾದವು, ಹೆಸರು ಮಾತ್ರ ಹಳೇದೇ ಉಳೀತು. ಹುಣಸೆಮರ ಹೋಗಿ ಎಷ್ಟೋ ವರ್ಷ ಆದ್ರೂ ಹುಣಸೆಮರದ ಹೊಲ ಇದೆ. ಸಿರುಗುಪ್ಪ ಸುತ್ತ, ತೆಕ್ಕಲಕೋಟೆ ಕಡೆ, ಮಗಳನ್ನು ಕೊಟ್ಟ ಕುರುಗೋಡು ಕಡೆ ತಿರುಗಿ ತಿರುಗಿ ಇಂಥ ಆರುನೂರಕ್ಕೂ ಹೆಚ್ಚು ಹೆಸರು ಅವರು ಕೂಡಿಹಾಕಿದ್ದರು. ಹೆಸರು, ಊರು, ಯಾಕೆ ಆ ಹೆಸರು ಬಂತು, ಯಾರು ಹೇಳಿದ್ದು. ಹೇಳಿದವರಲ್ಲಿ ಅರ್ಧ ಜನ ಈಗ ಇಲ್ಲ.

ನೋಟ್‌ಬುಕ್ಕಿನಲ್ಲಿದ್ದದ್ದನ್ನು ಒಂದು ಡಿಟಿಪಿ ಅಂಗಡಿಗೆ ಕೊಟ್ಟು ನುಡಿಯಲ್ಲಿ ಟೈಪ್ ಮಾಡಿಸಿದ್ದರು. ಟೈಪ್ ಆಯ್ತಲ್ಲ ಅಂತ ನೋಟ್‌ಬುಕ್ಕುಗಳು ರದ್ದಿಗೆ ಹೋದವು (ಇದು ನೆನಪಿರಲಿ, ಮುಂದೆ ಬರುತ್ತೆ). ಸೀಡಿ ನನ್ನ ಕೈಗೆ ಬಂತು. ಯೂನಿಕೋಡಿಗೆ ತರೋದು ನನ್ನ ಪಾಲಿನ ಕೆಲಸ.

ನಿಮ್ಮಲ್ಲಿ ಹಳಬರಿಗೆ ಈ ಗೋಳು ಗೊತ್ತು. ಹಳೆಯ ಫಾಂಟುಗಳ ಫೈಲಿನಲ್ಲಿ ಇರೋದು ಕನ್ನಡ ಅಕ್ಷರ ಅಲ್ಲ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ ಕನ್ನಡದ ಚೂರುಗಳು. ಒತ್ತು ಬೇರೆ, ದೀರ್ಘ ಬೇರೆ. ಅರ್ಕಾವತ್ತು ಕಣ್ಣಿಗೆ ಕಾಣುವ ಜಾಗದಲ್ಲಿ, ಅಂದ್ರೆ ಅಕ್ಷರದ ನಂತರ ಇರುತ್ತೆ. ಯೂನಿಕೋಡಿನಲ್ಲಿ ಆ ರಕಾರ ಮೊದಲು ಬರಬೇಕು. ನಡುವೆ ಎಲ್ಲಾದ್ರೂ ಒಂದು ಇಂಗ್ಲಿಷ್ ಪದ ಇದ್ದು, ಫಾಂಟ್ ಯಾವುದು ಅನ್ನೋ ಮಾಹಿತಿ ಕಳೆದುಹೋಗಿದ್ರೆ ಮುಗೀತು, ಅದೂ ಕನ್ನಡದ ಚೂರುಗಳಾಗಿ ಉದುರಿಬೀಳುತ್ತೆ. ಎಂಥಾ ಪರಿವರ್ತಕ ಬರೆದ್ರೂ ಕೊನೆಗೆ ಮನುಷ್ಯ ಕೂತು ತಿದ್ದಲೇಬೇಕು.

ನಾನು ಬರೆದ ಸ್ಕ್ರಿಪ್ಟು ಒಂದು ಫೋಲ್ಡರಿನಿಂದ ನುಡಿ ಫೈಲುಗಳನ್ನು ಓದಿ, ಇನ್ನೊಂದು ಫೋಲ್ಡರಿನಲ್ಲಿ ವೆಬ್ ಪುಟಗಳನ್ನು ಕಟ್ಟಿಡುತ್ತಿತ್ತು. ಯುಗಾದಿಗೆ, ದೀಪಾವಳಿಗೆ ಬಳ್ಳಾರಿಯಿಂದ ಲ್ಯಾಪ್‌ಟಾಪ್ ಹಿಡಿದು ಹೋಗ್ತಿದ್ದೆ. ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂರೋರು. ಕಟ್ಟಿದ ಪುಟಗಳನ್ನೇ ತೆರೆದು ತಿದ್ದುತ್ತಿದ್ವಿ. ಅರ್ಕಾವತ್ತಷ್ಟೇ ಅಲ್ಲ, ಹೊಸದಾಗಿ ನೆನಪಾದ ಹೆಸರು, "ಇದು ಅವನು ಹೇಳಿದ್ದಲ್ಲ, ಅವನ ತಾಯಿ ಹೇಳಿದ್ದು" ಅನ್ನೋ ತಿದ್ದುಪಡಿ, ಎಲ್ಲ ಅಲ್ಲೇ. ನಾಲ್ಕು ವರ್ಷ.

ಒಂದು ರಾತ್ರಿ ಪುಟದ ಮೇಲಿನ ಪಟ್ಟಿಯ ಬಣ್ಣ ಬದಲಿಸೋಣ ಅನ್ನಿಸ್ತು. ಬರೀ ಬಣ್ಣ! ಸ್ಕ್ರಿಪ್ಟು ಓಡಿಸಿದೆ. ಅದು ಹಳೇ ನುಡಿ ಫೈಲುಗಳನ್ನೇ ಮತ್ತೆ ಓದಿ, ಎಲ್ಲ ಪುಟಗಳನ್ನೂ ಅದೇ ಹೆಸರಿನಲ್ಲಿ, ಅದೇ ಜಾಗದಲ್ಲಿ ಹೊಸದಾಗಿ ಬರೀತು. ಬಣ್ಣ ಚೆನ್ನಾಗಿ ಬಂದಿತ್ತು.

ನಾನು ಗಮನಿಸಿದ್ದು ಮರುದಿನ ಸಂಜೆ. ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಇದೆಯಲ್ಲ ಅಂತ ಧೈರ್ಯ. ತೆಗೆದು ನೋಡಿದ್ರೆ, ಪ್ರತಿ ರಾತ್ರಿ ತಾನಾಗಿ ನಡೆಯೋ ಸಿಂಕ್ ತನ್ನ ಕರ್ತವ್ಯವನ್ನು ತಪ್ಪದೆ ಮಾಡಿತ್ತು. ಹಾಳಾದ ಪುಟಗಳನ್ನೇ ತಂದು ಒಳ್ಳೆಯ ಪುಟಗಳ ಮೇಲೆ ಬರೆದಿತ್ತು.

ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ, "ಬೀಜದ ನೆಲ್ಲು ಎತ್ತಿಡದಂಗ ಎಲ್ಲಾ ಮಿಲ್ಲಿಗೆ ಹಾಕಿಬಿಟ್ಟೇನಪಾ?" ಅಂದ್ರು. ಬೈಯ್ಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.

ಈಗ ಜಗಳಕ್ಕೆ ಬರ್ತೀನಿ.

ಇದನ್ನ ನಮ್ಮ ಸಾಫ್ಟ್‌ವೇರ್ ಗೆಳೆಯರಿಗೆ ಹೇಳಿದಾಗ ಬಂದ ಉತ್ತರ ಮೂರೇ ಮೂರು. ಮೂರಕ್ಕೂ ಇಲ್ಲೇ ಉತ್ತರ ಕೊಡ್ತೀನಿ, ಕಮೆಂಟಿನಲ್ಲಿ ಮತ್ತೆ ಕೇಳಬೇಡಿ.

ಒಂದನೇದು: "ಕಟ್ಟಿದ ಫೈಲಿನಲ್ಲಿ ಕೈಯಾಡಿಸಿದ್ದೇ ತಪ್ಪು. ಮೂಲವನ್ನ ತಿದ್ದಬೇಕಿತ್ತು." ಸರಿಯಪ್ಪ, ಒಪ್ಪಿದೆ. ತಪ್ಪು ನಂದೇ. ಆದ್ರೆ ಎಪ್ಪತ್ತು ದಾಟಿದ ಮೇಷ್ಟ್ರಿಗೆ ಕಾಣೋದು ಪುಟ. ತಪ್ಪು ಕಂಡ ಕಡೆ ತಿದ್ದೋದು ಮನುಷ್ಯ ಸ್ವಭಾವ. ಈ ಪುಟ ಯಂತ್ರ ಕಟ್ಟಿದ್ದು, ಇದನ್ನ ಮುಟ್ಟಿದ್ರೆ ನಾಳೆ ಅಳಿಸಿಹೋಗುತ್ತೆ ಅಂತ ಅದರ ಹಣೆಯ ಮೇಲೆ ಬರೆದಿತ್ತಾ? ಇಲ್ಲ. ಸರಿ, ಪುಟಕ್ಕೆ ಗೊತ್ತಿರಲಿಲ್ಲ, ಸ್ಕ್ರಿಪ್ಟಿಗೆ ಗೊತ್ತಾಗಬಹುದಿತ್ತಲ್ಲ? ಹೋದ ಸಲ ನಾನು ಬರೆದಿಟ್ಟ ಫೈಲು ಹೀಗಿತ್ತು, ಈಗ ಬೇರೆ ಥರ ಇದೆ, ಅಂದ್ರೆ ನಡುವೆ ಯಾರೋ ಕೈ ಹಾಕಿದ್ದಾರೆ, ತಡಿ, ಕೇಳೋಣ ಅಂತ ಯೋಚನೆ ಮಾಡೋಕೆ ಕಂಪ್ಯೂಟರಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ.

ಇದು ನನ್ನ ಕನಸಿನ ಮಾತಲ್ಲ. ಡೆಬಿಯನ್ ಲಿನಕ್ಸ್ ಬಳಸಿದವರಿಗೆ ಗೊತ್ತು. ಅಲ್ಲಿ ಡಿಪಿಕೆಜಿ ಅನ್ನೋ ತಂತ್ರಾಂಶ ಒಂದು ಪ್ಯಾಕೇಜಿನ ಹೊಸ ಆವೃತ್ತಿ ಹಾಕುವಾಗ, ಸೆಟ್ಟಿಂಗ್ ಫೈಲನ್ನು ನೀವು ಕೈಯಾರೆ ತಿದ್ದಿದ್ದೀರಾ ಅಂತ ಲೆಕ್ಕ ಹಾಕಿ ನೋಡುತ್ತೆ. ನೀವೂ ತಿದ್ದಿ, ಹೊಸ ಆವೃತ್ತಿಯಲ್ಲೂ ಅದು ಬದಲಾಗಿದ್ರೆ, ನಿಂತು ಕೇಳುತ್ತೆ: ನಿಮ್ಮದು ಇಟ್ಟುಕೊಳ್ಳಲಾ, ಹೊಸದು ಹಾಕಲಾ, ವ್ಯತ್ಯಾಸ ತೋರಿಸಲಾ? ಹೊಸದು ಅಂದ್ರೂ ಹಳೇದನ್ನ ಬಾಲ ಹಚ್ಚಿದ ಹೆಸರಿನಲ್ಲಿ ಪಕ್ಕಕ್ಕಿಡುತ್ತೆ. ಇನ್ನೂ ಹಿಂದೆ ಹೋಗಿ. 1977ರಲ್ಲಿ ಬಂದ ವಿಎಂಎಸ್ ಅನ್ನೋ ವ್ಯವಸ್ಥೆಯಲ್ಲಿ ಒಂದು ಫೈಲನ್ನು ಪ್ರತಿಸಲ ಉಳಿಸಿದಾಗಲೂ ಹಳೇದು ಹಾಗೇ ಇದ್ದು, ಹೊಸದಕ್ಕೆ ಮುಂದಿನ ನಂಬರ್ ಬೀಳುತ್ತಿತ್ತು. ಮೆಗಾಬೈಟಿಗೆ ಚಿನ್ನದ ಬೆಲೆ ಇದ್ದ ಕಾಲದಲ್ಲಿ ಅವರಿಗೆ ಸಾಧ್ಯವಾಗಿದ್ದು, ಜೇಬಿನಲ್ಲಿ 128 ಗಿಗಾಬೈಟ್ ಇಟ್ಟುಕೊಂಡು ಓಡಾಡೋ ನಮಗೆ ಭಾರವಾಯ್ತೇ?

ಬದಲಿಗೆ ನಮಗೆ ಸಿಕ್ಕಿರೋದೇನು? ಸಾದಾ ಕಾಪಿ ಕಮಾಂಡ್ ಕೊಡಿ, ಅದೇ ಹೆಸರಿನ ಫೈಲು ಇದ್ರೆ ಕೇಳದೆ ಮೇಲೆ ಬರೆಯುತ್ತೆ. ಪೈಥಾನಿನಲ್ಲಿ ಬರೆಯೋಕೆ ಅಂತ ಒಂದು ಫೈಲು ತೆರೆದ ಕ್ಷಣವೇ ಒಳಗಿದ್ದದ್ದು ಸೊನ್ನೆ, ನೀವಿನ್ನೂ ಒಂದಕ್ಷರ ಬರೆದಿರೋದಿಲ್ಲ. ಲಿನಕ್ಸಿನಲ್ಲಿ ಒಂದು ಫೈಲನ್ನು ವಿಂಗಡಿಸಿ ಫಲಿತಾಂಶವನ್ನ ಬಾಣದ ಗುರುತು ಹಾಕಿ ಅದೇ ಫೈಲಿಗೆ ಕಳಿಸಿ ನೋಡಿ (ಬೇಡ, ನೋಡಬೇಡಿ). ವಿಂಗಡಿಸೋ ಮುಂಚೆಯೇ ಫೈಲು ಖಾಲಿ. ಇದಕ್ಕೆಲ್ಲ ಮದ್ದು ಇದೆ. ಕಾಪಿ ಕಮಾಂಡಿಗೆ ಬ್ಯಾಕಪ್ ಅನ್ನೋ ಆಯ್ಕೆ ಇದೆ, ಬಾಣದ ಗುರುತನ್ನು ತಡೆಯೋಕೆ ನೋಕ್ಲಾಬರ್ ಇದೆ, ಪೈಥಾನಿನಲ್ಲಿ 2012ರಿಂದ ಫೈಲು ಮೊದಲೇ ಇದ್ರೆ ತೆರೆಯಲ್ಲ ಅನ್ನೋ ವಿಧಾನವೂ ಇದೆ. ಆದ್ರೆ ಎಲ್ಲವೂ ಕೇಳಿದ್ರೆ ಮಾತ್ರ. ಗೊತ್ತಿದ್ದವನಿಗೆ ಬೇಲಿ, ಗೊತ್ತಿಲ್ಲದವನಿಗೆ ಬಾವಿ. ನನ್ನ ತಕರಾರು ಇಲ್ಲೇ. ಉಳಿಸೋದು ಮಾಮೂಲಿಯಾಗಿರಬೇಕು, ಅಳಿಸೋದಕ್ಕೆ ವಿಶೇಷ ಅಪ್ಪಣೆ ಬೇಕಾಗಬೇಕು. ಈಗ ಉಲ್ಟಾ ಇದೆ.

ಎರಡನೇದು: "ಗಿಟ್ ಬಳಸಬೇಕಿತ್ತು ಗುರೂ." ಈ ಮಾತಾಡೋರ ಮುಖದ ಮೇಲೆ ಒಂದು ಮಂದಹಾಸ ಇರುತ್ತೆ, ಗಮನಿಸಿದ್ದೀರಾ? ಗಿಟ್ ಒಳ್ಳೇದೇ, 2005ರಿಂದ ಇದೆ, ನಾನೂ ಬಳಸ್ತೀನಿ. ಆದ್ರೆ ಗಿಟ್ ಬಳಸೋರು ಮೊದಲು ಕಲಿಯೋ ಪಾಠ ಏನು? ಕಟ್ಟಿದ ಫೈಲುಗಳ ಫೋಲ್ಡರನ್ನು ಲೆಕ್ಕಕ್ಕೆ ತಗೋಬೇಡ ಅನ್ನೋ ಪಟ್ಟಿಗೆ ಸೇರಿಸು ಅಂತ. ಅಂದ್ರೆ ದೊಡ್ಡಪ್ಪ ತಿದ್ದಿದ ಪುಟಗಳು ಯಾವ ಫೋಲ್ಡರಿನಲ್ಲಿದ್ದವೋ ಅದನ್ನೇ ಗಿಟ್ ನೋಡುತ್ತಿರಲಿಲ್ಲ! ಜೆಕಿಲ್‌ನಂಥ ಬ್ಲಾಗ್ ಕಟ್ಟುವ ಸಾಧನಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಪ್ರತಿಸಲ ಕಟ್ಟುವಾಗ ಗುರಿಯ ಫೋಲ್ಡರಿನಲ್ಲಿ ತಾನು ಮಾಡದ ಫೈಲು ಏನಿದ್ರೂ ಗುಡಿಸಿಹಾಕುತ್ತೆ. ಅದರ ಕೈಪಿಡಿಯಲ್ಲಿ ಈ ಎಚ್ಚರಿಕೆ ಇದೆ, ಸುಳ್ಳು ಹೇಳಬಾರದು. ಕೈಪಿಡಿಯನ್ನು ನಾವು ಯಾವಾಗ ಓದ್ತೀವಿ ಅನ್ನೋದು ನಿಮಗೂ ಗೊತ್ತು, ನನಗೂ ಗೊತ್ತು. ಮನೆ ಸುಟ್ಟ ಮೇಲೆ.

ಮೂರನೇದು: "ಎಲ್ಲದಕ್ಕೂ ಬ್ಯಾಕಪ್ ಇಡ್ತಾ ಹೋದ್ರೆ ಡಿಸ್ಕ್ ತುಂಬಿಹೋಗುತ್ತೆ." ಲೆಕ್ಕ ಮಾಡೋಣ ಬನ್ನಿ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟ್. ಒಂದೊಂದು ಹೊಲಕ್ಕೂ ಐನೂರು ಸಂಕೇತ ಅಂತ ಧಾರಾಳವಾಗೇ ಹಿಡಿಯಿರಿ. ಆರುನೂರು ಹೊಲಕ್ಕೆ ಒಂಬತ್ತು ಲಕ್ಷ ಬೈಟ್, ಅಂದ್ರೆ ಒಂದು ಎಂಬಿ ಕೂಡ ಆಗಲ್ಲ. ನೂರು ಸಲ ನಕಲು ಇಟ್ಟರೂ ನೂರು ಎಂಬಿ ದಾಟಲ್ಲ. ಮದುವೆ ವೀಡಿಯೋದಲ್ಲಿ ಊಟದ ಪಂಕ್ತಿ ತೋರಿಸೋ ಭಾಗ ಇದಕ್ಕಿಂತ ದೊಡ್ಡದಿರುತ್ತೆ :)

ಇದು ನನ್ನೊಬ್ಬನ ಗೋಳು ಅಂದುಕೊಂಡ್ರೆ ತಪ್ಪು. ಮೈಸ್ಪೇಸ್ ನೆನಪಿದೆಯಾ? ಒಂದು ಸರ್ವರಿನಿಂದ ಇನ್ನೊಂದಕ್ಕೆ ಸಾಗಿಸುವಾಗ ಹನ್ನೆರಡು ವರ್ಷಗಳ ಹಾಡು, ಚಿತ್ರ, ವೀಡಿಯೋ ಕಳೆದುಹೋದವು ಅನ್ನೋದು 2019ರಲ್ಲಿ ಜಗತ್ತಿಗೆ ಗೊತ್ತಾಯ್ತು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯ ಒಬ್ಬ ಎಂಜಿನಿಯರ್ ತಪ್ಪು ಸರ್ವರಿನ ಡೇಟಾಬೇಸ್ ಅಳಿಸಿಬಿಟ್ಟ. ಅವರ ಹತ್ತಿರ ಬ್ಯಾಕಪ್ಪಿಗೆ ಒಂದಲ್ಲ, ಐದು ದಾರಿ ಇದ್ದವು. ಬೇಕಾದಾಗ ಒಂದೂ ನೆಟ್ಟಗೆ ಕೈಕೊಡಲಿಲ್ಲ ಅಂತ ಅವರೇ ಬರೆದುಕೊಂಡರು. ಉಳಿಸಿದ್ದು, ಆರು ಗಂಟೆ ಮುಂಚೆ ಬೇರೆ ಯಾವುದೋ ಕೆಲಸಕ್ಕೆ ಕೈಯಾರೆ ತೆಗೆದಿಟ್ಟಿದ್ದ ಒಂದು ನಕಲು. 1998ರಲ್ಲಿ ಪಿಕ್ಸಾರ್‌ನವರ ಟಾಯ್ ಸ್ಟೋರಿ 2 ಸಿನಿಮಾದ ಫೈಲುಗಳು ಒಂದು ಕಮಾಂಡಿಗೆ ಬಲಿಯಾದಾಗಲೂ ಅಷ್ಟೇ. ಬ್ಯಾಕಪ್ ಕೆಲಸ ಮಾಡಿರಲಿಲ್ಲ. ಮಗು ಹುಟ್ಟಿದ್ದರಿಂದ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಒಬ್ಬ ತಾಯಿಯ ಕಂಪ್ಯೂಟರಿನಲ್ಲಿದ್ದ ಪ್ರತಿ ಕಾಪಾಡಿತು. ದುಡ್ಡಿದ್ದವರ ಕಥೆ ಇದು. ನಮ್ಮ ನಿಮ್ಮ ಪಾಡೇನು?

ಇನ್ನು ನಮ್ಮೂರಿನ ಕಥೆ. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂತು. ರಾಜ್ಯದ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಕೈಬರಹದ ಪಹಣಿಗೆ ಬೆಲೆ ಇಲ್ಲ, ಇನ್ನು ಕಂಪ್ಯೂಟರಿನದ್ದೇ ಪಹಣಿ ಅಂದ್ರು. ಅಷ್ಟು ದೊಡ್ಡ ಕೆಲಸದಲ್ಲಿ ಹೆಸರಿನ ಕಾಗುಣಿತ ತಪ್ಪೋದು, ಇನಿಷಿಯಲ್ ತಪ್ಪೋದು, ವಿಸ್ತೀರ್ಣ ಆಚೀಚೆ ಆಗೋದು ನಡೆದೇ ನಡೆಯುತ್ತೆ. ಆದ್ರೆ ಒಂದು ವಿಷಯ ನೋಡಿ. ಕಂಪ್ಯೂಟರ್ ಪಹಣಿಯಲ್ಲಿ ತಪ್ಪು ಕಂಡ ರೈತ ಏನು ಮಾಡ್ತಾನೆ? ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ ಹಳೇ ಕೈಬರಹದ ಪಹಣಿ, ಮ್ಯುಟೇಶನ್ ವಹಿ ಇವುಗಳ ನಕಲು ತೆಗೆಸಿ, ತಿದ್ದುಪಡಿಗೆ ಅರ್ಜಿ ಹಾಕ್ತಾನೆ. ಹಾಕೋಕೆ ಸಾಧ್ಯ ಆಗಿರೋದು ಆ ಹಳೇ ವಹಿಗಳ ಮೇಲೆ ಯಾರೂ ಬರೆಯದೆ ಇದ್ದದ್ದರಿಂದ. ಕಂಪ್ಯೂಟರಿಗೆ ಏರಿಸಿ ಆಯ್ತಲ್ಲ ಅಂತ ವಹಿಗಳನ್ನೆಲ್ಲ ರದ್ದಿಗೆ ಹಾಕಿದ್ರೆ? ನಮ್ಮ ದೊಡ್ಡಪ್ಪನ ನೋಟ್‌ಬುಕ್ಕಿನ ಥರ?

ಕಂದಾಯ ಇಲಾಖೆಯನ್ನು ಹೊಗಳೋ ದಿನ ಬರುತ್ತೆ ಅಂತ ನಾನೂ ಅಂದುಕೊಂಡಿರಲಿಲ್ಲ :) ಆದ್ರೆ ಮ್ಯುಟೇಶನ್ ಅನ್ನೋ ಪದ್ಧತಿಯ ತಿರುಳೇ ಇದು. ತಂದೆ ಹೆಸರು ಒರೆಸಿ ಮಗನ ಹೆಸರು ಬರೆಯೋ ಹಾಗಿಲ್ಲ. ಯಾವ ಆಧಾರದ ಮೇಲೆ, ಯಾವ ತಾರೀಖು, ಯಾವ ನಂಬರಿನ ಪ್ರಕಾರ ಬದಲಾಯ್ತು ಅನ್ನೋದು ಉಳಿಯಬೇಕು. ನೂರು ವರ್ಷದ ಹಿಂದಿನ ಗುಮಾಸ್ತನಿಗಿದ್ದ ಈ ಶಿಸ್ತು ನನ್ನ ಸ್ಕ್ರಿಪ್ಟಿಗೆ ಇರಲಿಲ್ಲ. ಇಲಾಖೆಯ ಮೇಲೆ ನನ್ನ ದೂರು ಏನಿದ್ರೂ ಒಂದೇ. ಹಳೇ ಕಡತಗಳನ್ನು ಸ್ಕ್ಯಾನ್ ಮಾಡೋ ಭೂ ಸುರಕ್ಷಾ ಕೆಲಸ ರಾಜ್ಯದಾದ್ಯಂತ ಶುರುವಾಗಿದ್ದು ಇತ್ತೀಚಿನ ವರ್ಷಗಳಲ್ಲಿ. ಅಂದ್ರೆ ಕಟ್ಟೋ ಕೆಲಸ ಮೊದಲು, ನಕಲು ತೆಗೆಯೋ ಕೆಲಸ ಇಪ್ಪತ್ತು ವರ್ಷ ಆಮೇಲೆ. ಅಷ್ಟರಲ್ಲಿ ಗೆದ್ದಲು, ಮಳೆನೀರು ಎಷ್ಟು ಓದಿ ಮುಗಿಸಿದವೋ.

ಹೆಸರು ಬದಲಾವಣೆಯ ಕಥೆಯೂ ಇದೇ. 2014ರ ನವೆಂಬರ್ 1ರಿಂದ ಇಂಗ್ಲಿಷಿನ ಬೆಲ್ಲಾರಿ ಹೋಗಿ ಬಳ್ಳಾರಿ ಆಯ್ತು. ಒಳ್ಳೇದಾಯ್ತು. ಆದ್ರೆ ಒಂದು ಸೈಟಿನ ಸಾವಿರ ಪುಟಗಳಲ್ಲಿ ಹುಡುಕಿ-ಬದಲಿಸು ಓಡಿಸಿದ್ರೆ, ಡಬ್ಲ್ಯೂ. ಫ್ರಾನ್ಸಿಸ್ 1904ರಲ್ಲಿ ತಂದ ಮದ್ರಾಸ್ ಜಿಲ್ಲಾ ಗೆಜೆಟಿಯರಿನ ಹೆಸರೂ ಬದಲಾಗಿ, ಆ ಹೆಸರಿನ ಪುಸ್ತಕ ಯಾವ ಲೈಬ್ರರಿಯಲ್ಲೂ ಸಿಗಲ್ಲ. 2018ರ ಹೊತ್ತಿಗೆ ಕುರುಗೋಡು ಬಳ್ಳಾರಿ ತಾಲ್ಲೂಕಿನಿಂದ ಬೇರೆಯಾಗಿ ತಾನೇ ತಾಲ್ಲೂಕಾಯ್ತು. 2021ರಲ್ಲಿ ವಿಜಯನಗರ ಜಿಲ್ಲೆ ಆಯ್ತು, ಹೊಸಪೇಟೆ ಆ ಕಡೆ ಹೋಯ್ತು. 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಬಳ್ಳಾರಿ ಜಿಲ್ಲೆಯ ಬಗ್ಗೆ ಬರೆದ ಲೇಖನದಲ್ಲಿ "ಹೊಸಪೇಟೆ, ಬಳ್ಳಾರಿ ಜಿಲ್ಲೆ" ಅಂತಿದ್ದದ್ದನ್ನು ಒಂದೇ ಏಟಿಗೆ ಬದಲಿಸಿದ್ರೆ ಇತಿಹಾಸವೇ ಸುಳ್ಳಾಗುತ್ತೆ. ಹಳೇ ಪ್ರತಿ ಇದ್ರೆ ತಿದ್ದಬಹುದು. ಇಲ್ಲದಿದ್ರೆ ಅದು ಸುಳ್ಳು ಅಂತ ಗೊತ್ತಾಗೋದೂ ಇಲ್ಲ.

ಸರಿ, ಬೈದಿದ್ದು ಸಾಕು. ನಾನೀಗ ಪಾಲಿಸ್ತಿರೋದು ಇಷ್ಟು:

1. ಸ್ಕ್ರಿಪ್ಟು ಎಂದೂ ಹಳೇ ಫೋಲ್ಡರಿನಲ್ಲಿ ಬರೆಯಲ್ಲ. ತಾರೀಖು, ಗಂಟೆ ಹಾಕಿದ ಹೊಸ ಫೋಲ್ಡರಿನಲ್ಲಿ ಎಲ್ಲವನ್ನೂ ಕಟ್ಟುತ್ತೆ. ಪೂರ್ತಿ ಮುಗಿದು, ಕಣ್ಣಲ್ಲಿ ನೋಡಿದ ಮೇಲೆ ಹೆಸರು ಅದಲುಬದಲು.

2. ಕಟ್ಟಿದ ಪ್ರತಿ ಫೈಲಿನ ಚೆಕ್‌ಸಮ್ ಒಂದು ಪಟ್ಟಿಯಲ್ಲಿ ಬರೆದಿಡುತ್ತೆ. ಮುಂದಿನ ಸಲ ಅದು ತಾಳೆಯಾಗದಿದ್ರೆ, ಯಾರೋ ತಿದ್ದಿದ್ದಾರೆ ಅಂತ ಅರ್ಥ. ಅಲ್ಲೇ ನಿಲ್ಲುತ್ತೆ.

3. ಕನ್ನಡಿ ಬ್ಯಾಕಪ್ ಅಲ್ಲ. ಮುಖಕ್ಕೆ ಮಸಿ ಹತ್ತಿದ್ರೆ ಕನ್ನಡಿಗೂ ಹತ್ತುತ್ತೆ. ವಿಂಡೋಸಿನ ರೋಬೋಕಾಪಿಯ ಮಿರರ್ ಆಯ್ಕೆ ಇರಲಿ, ಮೋಡದ ಮೇಲಿನ ಸಿಂಕ್ ಇರಲಿ, ಹಳೇ ಆವೃತ್ತಿ ಉಳಿಸದಿದ್ರೆ ಅದು ಬ್ಯಾಕಪ್ ಅಲ್ಲ. ಆರ್‌ಸಿಂಕ್‌ನಲ್ಲಿ, ಮೇಲೆ ಬರೆಯೋ ಮುಂಚೆ ಹಳೇದನ್ನ ಬೇರೆ ಫೋಲ್ಡರಿಗೆ ಸರಿಸೋ ಆಯ್ಕೆ ಇದೆ, ಹಾಕಿಕೊಳ್ಳಿ.

4. ಮೂರು ತಿಂಗಳಿಗೊಮ್ಮೆ ಬ್ಯಾಕಪ್ಪಿನಿಂದ ಒಂದು ಫೈಲು ವಾಪಸ್ ತಂದು, ತೆರೆದು ಓದಿ ನೋಡ್ತೀನಿ. ಮೊಳಕೆ ಬರುತ್ತೋ ಇಲ್ವೋ ನೋಡದೆ ಬೀಜ ಇಡೋದು ಯಾವ ಬೇಸಾಯ?

5. ಕಾಗದ. ನಗಬೇಡಿ. ಯಾಕೆ ಅಂತ ಈಗಲೇ ಹೇಳ್ತೀನಿ.

ಬ್ಲಾಗರ್‌ನಲ್ಲಿರೋ ಗೆಳೆಯರಿಗೆ: ಥೀಮ್ ಬದಲಿಸೋ ಮುಂಚೆ ಬ್ಯಾಕಪ್ ಒತ್ತಿ. ಬರಹಗಳನ್ನೂ ಗೂಗಲ್ ಟೇಕ್‌ಔಟ್‌ನಿಂದ ಇಳಿಸಿಕೊಳ್ಳಿ. ಪುಕ್ಕಟೆ ಜಾಗದಲ್ಲಿ ಕೂತವರು ನಾವು. 2009ರ ಅಕ್ಟೋಬರ್‌ನಲ್ಲಿ ಯಾಹೂ ಜಿಯೋಸಿಟೀಸ್ ಅನ್ನು ಮುಚ್ಚಿದಾಗ ಅಲ್ಲಿ ಮನೆ ಮಾಡಿದವರೂ ನಮ್ಮ ಹಾಗೇ ನಿಶ್ಚಿಂತೆಯಾಗಿದ್ದವರು.

ಕಾಗದದ ವಿಷಯ. ಅಷ್ಟೆಲ್ಲ ಹೋದ ಮೇಲೆ ಒಂದು ದಿನ ಕುರುಗೋಡಿನಿಂದ ಅಕ್ಕ ಫೋನ್ ಮಾಡಿದಳು. "ಅಪ್ಪಾಜಿ ಎರಡು ವರ್ಷದ ಹಿಂದೆ ಒಂದು ಕಟ್ಟು ಪ್ರಿಂಟ್ ತಂದು ಟ್ರಂಕಿನ್ಯಾಗ ಇಟ್ಟು ಹೋಗ್ಯಾರ ನೋಡು, ಅದೇನಾರ ಬೇಕಾ?" ಬಳ್ಳಾರಿಯಿಂದ ಮೊದಲ ಬಸ್ಸು ಹತ್ತಿದೆ. ಟ್ರಂಕಿನಲ್ಲಿ ಮೆಣಸಿನಕಾಯಿ ಘಾಟಿನ ನಡುವೆ ಆ ಕಟ್ಟು. ಅಂಚಿನಲ್ಲಿ ಕೆಂಪು ಇಂಕಿನಲ್ಲಿ ದೊಡ್ಡಪ್ಪನ ಅಕ್ಷರ. ಮೊದಲ ಎರಡು ವರ್ಷದ ತಿದ್ದುಪಡಿ ಪೂರ್ತಿ ಸಿಕ್ಕವು. ನಂತರದ ಎರಡು ವರ್ಷದ್ದು ಇಲ್ಲ.

ಈಗ ತಿಂಗಳಿಗೆ ಎರಡು ಭಾನುವಾರ ಸಿರುಗುಪ್ಪಕ್ಕೆ ಹೋಗ್ತೀನಿ. ದೊಡ್ಡಪ್ಪನಿಗೆ ಕಣ್ಣು ಮಂಜಾಗಿದೆ, ನಾನು ಓದ್ತೀನಿ, ಅವರು ಹೇಳ್ತಾರೆ. ಕೆಲವು ಹೆಸರಿಗೆ ಬಂದಾಗ ಸುಮ್ಮನಾಗ್ತಾರೆ. "ಇದಕ್ಕೊಂದು ಕಥೆ ಇತ್ತು ನೋಡಪಾ... ಬರೆಸಿದ್ನಲ್ಲ ನಿನಗ?" ಅಂತಾರೆ. ಬರೆಸಿದ್ದರು. ನಾನೇ ಟೈಪ್ ಮಾಡಿದ್ದೆ. ನನಗೂ ನೆನಪಿಲ್ಲ.

ನಿಮಗೂ ಹೀಗೆ ಆಗಿದ್ರೆ ಕಮೆಂಟಿನಲ್ಲಿ ಬರೀರಿ. ಆದ್ರೆ ಮೊದಲು ಹೋಗಿ ಬ್ಯಾಕಪ್ ತಗೊಂಡು ಬನ್ನಿ, ಆಮೇಲೆ ಬರೀರಿ. ನಾನು ಕಾಯ್ತೀನಿ.